ಚಾ ಯಾವುದು, ಕಷಾಯ ಯಾವುದು? – ರುಚಿ ನೋಡಿ ಕೊಳ್ಳುವ ಕ್ರಮ



ನಮ್ಮ ಹೊಟೇಲುಗಳ ಮೆನು ಕಾರ್ಡಿನಲ್ಲಿ ಮೊದಲು ಚಾ, ಸ್ಪೆಷಲ್ ಚಾ, ಕಾಫಿ, ಬಿಸಿ ಹಾಲು ಎಂದು ನಾಲ್ಕು ಸಾಲು ಇದ್ದರೆ ಮುಗಿಯಿತು. ಈಗ ಹಾಗಿಲ್ಲ. 2020ರಲ್ಲಿ ಕೊರೊನಾ ಬಂದಾಗ ಕೇಂದ್ರದ ಆಯುಷ್ ಸಚಿವಾಲಯವು ತುಲಸಿ, ದಾಲ್ಚಿನ್ನಿ, ಕರಿಮೆಣಸು, ಒಣಶುಂಠಿ, ಒಣದ್ರಾಕ್ಷಿ ಹಾಕಿದ ಕಷಾಯ ಕುಡಿಯಿರಿ ಎಂದು ಸಲಹೆ ಕೊಟ್ಟಿತು. ಅಂದಿನಿಂದ ಗಿರಾಕಿಗಳು ಹೊಟೇಲಿಗೆ ಬಂದು ತುಲಸಿ, ಶುಂಠಿ, ಲೆಮನ್‌ಗ್ರಾಸ್, ಕ್ಯಾಮೊಮೈಲ್ ಎಂದು ಕೇಳತೊಡಗಿದರು. ಕೇಳಿದ್ದನ್ನು ಇಲ್ಲ ಎನ್ನುವ ಅಭ್ಯಾಸ ನಮಗಿಲ್ಲ. ಸೇಲ್ಸ್‌ಮನ್ ತಂದ ಪೆಟ್ಟಿಗೆಗಳನ್ನು ಕಪಾಟಿನಲ್ಲಿ ಸಾಲಾಗಿ ಇಟ್ಟು ಮಾರಲು ಸುರು ಮಾಡಿದೆವು. ಒಳಗೆ ಏನಿದೆ ಎಂದು ನೋಡಲಿಲ್ಲ. ಆ ತಪ್ಪಿನಿಂದ ಕಲಿತ ಪಾಠವನ್ನು ಇಲ್ಲಿ ಬರೆಯುತ್ತಿದ್ದೇವೆ.

ನಾವು ಮುಂಬಯಿಯ ಕನ್ನಡ ರಾತ್ರಿ ಶಾಲೆಯಲ್ಲಿ ಹತ್ತನೇ ತರಗತಿಯವರೆಗೆ ಕಲಿತವರು, ಹಗಲು ಗ್ಲಾಸು ತೊಳೆದವರು. ದೊಡ್ಡ ವಿದ್ಯೆ ನಮ್ಮಲ್ಲಿಲ್ಲ. ಕೈಯಾರೆ ಮಾಡಿ ನೋಡಿದ್ದನ್ನಷ್ಟೇ ಹೇಳುತ್ತೇವೆ.

ಆದದ್ದೇನು?

ನಮ್ಮ ಹಳೆಯ ಗಿರಾಕಿಯೊಬ್ಬರು, ರೈಲ್ವೆಯಿಂದ ನಿವೃತ್ತರಾದ ಮರಾಠಿ ಹಿರಿಯರು, ಒಂದು ಸಂಜೆ ಬಂದು ಕುಳಿತರು. ಇಪ್ಪತ್ತು ವರ್ಷದಿಂದ ಅವರದ್ದು ಅದೇ ಮೂಲೆಯ ಮೇಜು, ಅದೇ ಇಡ್ಲಿ, ಅದೇ ಚಾ. ಆ ದಿನ ಮಾತ್ರ, "ಎದೆ ಬಡಿತ ಜಾಸ್ತಿ ಆಗುತ್ತದೆ, ಚಾ ಕಾಫಿ ಎರಡೂ ಬಿಡಿ ಎಂದು ಡಾಕ್ಟರು ಹೇಳಿದ್ದಾರೆ. ಚಾ ಎಲೆ ಇಲ್ಲದ್ದು ಏನಾದರೂ ಇದೆಯಾ?" ಎಂದು ಕೇಳಿದರು. ನಮ್ಮ ವೇಟರ್ ಹುಡುಗ, "ತುಲಸಿ ಟೀ ಇದೆ ಕಾಕಾ, ಬರೀ ತುಲಸಿ" ಎಂದು ಬಿಸಿನೀರಿಗೆ ಡಿಪ್ ಬ್ಯಾಗ್ ಹಾಕಿ ಕೊಟ್ಟ. ರುಚಿ ಹಿಡಿಸಿತೆಂದು ಅವರು ಇನ್ನೊಂದು ಕಪ್ ತರಿಸಿ ಕುಡಿದರು.

ಮಾರನೆಯ ದಿನ ಅವರು ಮೂಲೆಯ ಮೇಜಿಗೆ ಹೋಗಲಿಲ್ಲ. ನೇರ ಗಲ್ಲೆಯ ಎದುರು ಬಂದು ನಿಂತರು. "ಅಣ್ಣಾ, ನಿನ್ನೆಯ ತುಲಸಿಯಲ್ಲಿ ಚಾ ಎಲೆ ಇತ್ತಾ? ರಾತ್ರಿಯಿಡೀ ನಿದ್ದೆ ಇಲ್ಲ, ಎದೆ ಡವಡವ" ಎಂದರು. ನಮ್ಮಲ್ಲಿ ಉತ್ತರ ಇರಲಿಲ್ಲ. ಪೆಟ್ಟಿಗೆ ತರಿಸಿ, ಕನ್ನಡಕ ಹಾಕಿ ಹಿಂಬದಿಯ ಸಣ್ಣ ಅಕ್ಷರ ಓದಿದೆವು. ಮುಂದೆ ದೊಡ್ಡ ತುಲಸಿ ಗಿಡದ ಚಿತ್ರ. ಹಿಂದೆ ಸಾಮಗ್ರಿಗಳ ಪಟ್ಟಿಯಲ್ಲಿ ಮೊದಲ ಹೆಸರೇ ಗ್ರೀನ್ ಟೀ, ತುಲಸಿ ಆಮೇಲೆ.

ನಿದ್ದೆ ಕೆಟ್ಟದ್ದು ಅದರಿಂದಲೋ ಬೇರೆ ಕಾರಣದಿಂದಲೋ ಡಾಕ್ಟರೇ ಹೇಳಬೇಕು. ಆದರೆ ಚಾ ಇಲ್ಲ ಎಂದು ಹೇಳಿ ಚಾ ಕುಡಿಸಿದವರು ನಾವು. ಕಂಪೆನಿಯವರು ಬರೆಯಬೇಕಾದ್ದನ್ನು ಬರೆದಿದ್ದರು, ಓದದ ತಪ್ಪು ನಮ್ಮದು. ಅವರು ಬೈಯಲಿಲ್ಲ. ಬೈದಿದ್ದರೆ ನಮಗೆ ಅಷ್ಟು ನಾಚಿಕೆ ಆಗುತ್ತಿರಲಿಲ್ಲ. ಕೈ ಮುಗಿದು ತಪ್ಪಾಯಿತು ಎಂದೆವು. ಅವರು ತಲೆ ಆಡಿಸಿ ಹೊರಟುಹೋದರು.

ಮೂರು ಗುಂಪು ಮೊದಲು ತಿಳಿಯಿರಿ

ಅಂಗಡಿಯಲ್ಲಿ ಟೀ ಎಂಬ ಹೆಸರಿನಲ್ಲಿ ಸಿಗುವ ವಸ್ತುಗಳು ಮೂರು ಜಾತಿಯವು.

ಒಂದು, ನಿಜವಾದ ಚಾ. ಇದು ಕ್ಯಾಮೆಲಿಯಾ ಸೈನೆನ್ಸಿಸ್ ಎಂಬ ಒಂದೇ ಗಿಡದ ಎಲೆ. ನಮ್ಮ ಕಪ್ಪು ಚಾಪುಡಿ, ಗ್ರೀನ್ ಟೀ, ಊಲಾಂಗ್, ವೈಟ್ ಟೀ ಎಲ್ಲವೂ ಅದೇ ಗಿಡದವು. ಕೊಯ್ದ ಎಲೆಯನ್ನು ಹೇಗೆ ಹದ ಮಾಡಿದರು ಎಂಬುದರಲ್ಲಿ ಮಾತ್ರ ವ್ಯತ್ಯಾಸ. ಎಲ್ಲದರಲ್ಲಿಯೂ ಕೆಫೀನ್ ಇದೆ. ಗ್ರೀನ್ ಟೀಯಲ್ಲಿ ಕೆಫೀನ್ ಇಲ್ಲ ಎಂಬುದು ತಪ್ಪು ತಿಳುವಳಿಕೆ.

ಎರಡು, ಪರಿಮಳದ ಚಾ. ಚಾ ಎಲೆಗೇ ಹೂವು, ಮಸಾಲೆ, ಎಣ್ಣೆ ಅಥವಾ ಎಸೆನ್ಸ್ ಸೇರಿಸಿದ್ದು. ಮಲ್ಲಿಗೆ ಚಾ, ಅರ್ಲ್ ಗ್ರೇ, ನಮ್ಮ ಮಸಾಲೆ ಚಾ, ಕಾಶ್ಮೀರದ ಕಹ್ವಾ ಈ ಗುಂಪಿನವು. ಕಹ್ವಾದಲ್ಲಿ ಕೇಸರಿ, ಏಲಕ್ಕಿ, ದಾಲ್ಚಿನ್ನಿ, ಬಾದಾಮಿ ಕಂಡು ಅದನ್ನು ಕಷಾಯ ಎಂದುಕೊಳ್ಳುವವರಿದ್ದಾರೆ. ಅದರ ಅಡಿಯಲ್ಲಿ ಗ್ರೀನ್ ಟೀ ಇದೆ. ಆದ್ದರಿಂದ ಕೆಫೀನ್ ಕೂಡ ಇದೆ.

ಮೂರು, ಚಾ ಎಲೆಯೇ ಇಲ್ಲದ್ದು. ತುಲಸಿ, ಶುಂಠಿ, ಪುದಿನ, ಮಜ್ಜಿಗೆ ಹುಲ್ಲು, ಕ್ಯಾಮೊಮೈಲ್ ಹೂವು, ದಕ್ಷಿಣ ಆಫ್ರಿಕಾದ ರೂಯ್‌ಬೋಸ್, ಹೈಬಿಸ್ಕಸ್ ಇವೆಲ್ಲ. ಇವಕ್ಕೆ ನಮ್ಮ ಭಾಷೆಯಲ್ಲಿ ಹೊಸ ಹೆಸರು ಹುಡುಕಬೇಕಾಗಿಲ್ಲ. ಅಜ್ಜಿಯ ಕಾಲದಿಂದಲೂ ಕಷಾಯ ಎಂಬ ಶಬ್ದ ಇದೆ. ಇವುಗಳಲ್ಲಿ ಹೆಚ್ಚಿನವಕ್ಕೆ ಕೆಫೀನ್ ಇಲ್ಲ. ದಕ್ಷಿಣ ಅಮೆರಿಕದ ಮಾಟೆಯಂಥ ಕೆಲವಕ್ಕೆ ಚಾ ಅಲ್ಲದಿದ್ದರೂ ಕೆಫೀನ್ ಉಂಟು.

ನಮ್ಮನ್ನು ಮೋಸಗೊಳಿಸುವುದು ಎರಡನೆಯ ಮತ್ತು ಮೂರನೆಯ ಗುಂಪಿನ ಮಿಶ್ರಣಗಳು. ತುಲಸಿ ಗ್ರೀನ್, ಲೆಮನ್ ಹನಿ ಗ್ರೀನ್ ಎಂಬವುಗಳಲ್ಲಿ ಹೊರಗಿನ ಚಿತ್ರ ಕಷಾಯದ್ದು, ಒಳಗಿನ ಮಾಲು ಚಾದ್ದು. ಪ್ಯಾಕೆಟಿನ ಸಾಮಗ್ರಿ ಪಟ್ಟಿಯಲ್ಲಿ ಯಾವುದು ತೂಕದಲ್ಲಿ ಹೆಚ್ಚೋ ಅದನ್ನು ಮೊದಲು ಬರೆಯಬೇಕೆಂಬ ನಿಯಮವಿದೆ. ಆದ್ದರಿಂದ ಪಟ್ಟಿಯ ಮೊದಲ ಎರಡು ಹೆಸರು ಓದಿದರೆ ಅರ್ಧ ವಿಷಯ ಗೊತ್ತಾಗುತ್ತದೆ. ಕೊನೆಯವರೆಗೆ ಓದಿದರೆ ಪೂರ್ತಿ ಗೊತ್ತಾಗುತ್ತದೆ.

2025ರ ಡಿಸೆಂಬರಿನಲ್ಲಿ ಎಫ್‌ಎಸ್‌ಎಸ್‌ಎಐ ಈ ಬಗ್ಗೆ ಸ್ಪಷ್ಟೀಕರಣ ಹೊರಡಿಸಿದೆ. ಕ್ಯಾಮೆಲಿಯಾ ಸೈನೆನ್ಸಿಸ್ ಗಿಡದಿಂದ ಬಾರದ ವಸ್ತುವಿಗೆ ಟೀ ಎಂಬ ಹೆಸರು ಹಾಕಬಾರದು, ಹರ್ಬಲ್ ಟೀ, ಫ್ಲವರ್ ಟೀ, ರೂಯ್‌ಬೋಸ್ ಟೀ ಎಂದು ಮಾರುವುದು ತಪ್ಪು ಹೆಸರಿನ ಮಾರಾಟ ಎಂದು ಅದು ಹೇಳಿದೆ. ಇದರಲ್ಲಿ ಮುಖ್ಯವಾಗಿ ಪ್ಯಾಕೆಟಿನ ಮಾತು ಇದ್ದರೂ ನಾವು ನಮ್ಮ ಮೆನು ಕಾರ್ಡನ್ನೂ ಅದರಂತೆ ತಿದ್ದಿಕೊಂಡೆವು. ಕಾನೂನಿನ ಮಾತು ಹಾಗಿರಲಿ, ಗಿರಾಕಿಗೆ ಗೊಂದಲ ಆಗದಿದ್ದರೆ ಸಾಕು.

ಪರಿಮಳ ಎಲ್ಲಿಂದ ಬರುತ್ತದೆ?

ಪರಿಮಳದ ಚಾ ಕೊಳ್ಳುವಾಗ ಈ ಪ್ರಶ್ನೆ ಕೇಳಲೇಬೇಕು. ಪರಿಮಳ ಸೇರಿಸುವ ದಾರಿ ಮುಖ್ಯವಾಗಿ ಮೂರು.

ಮೊದಲನೆಯದು ಹೂವಿನ ಜೊತೆ ಇಟ್ಟು ಹೀರಿಸುವುದು. ಚೀನಾದ ಫುಜಿಯಾನ್ ಪ್ರಾಂತದ ಮಲ್ಲಿಗೆ ಚಾ ಇದಕ್ಕೆ ಹೆಸರಾದದ್ದು. ವಸಂತದಲ್ಲಿ ಮಾಡಿದ ಚಾವನ್ನು ಮಲ್ಲಿಗೆಯ ಕಾಲದವರೆಗೆ ತೆಗೆದಿಡುತ್ತಾರೆ. ಹಗಲು ಕೊಯ್ದ ಮೊಗ್ಗು ರಾತ್ರಿ ಅರಳುವ ಹೊತ್ತಿಗೆ ಚಾ ಎಲೆಯ ಜೊತೆ ಬೆರೆಸಿಟ್ಟು, ಮತ್ತೆ ಹೂವನ್ನು ಜರಡಿ ಹಿಡಿದು ತೆಗೆಯುತ್ತಾರೆ. ಒಳ್ಳೆಯ ದರ್ಜೆಯ ಚಾಕ್ಕೆ ಹೀಗೆ ಹಲವು ಸಲ ಹೊಸ ಹೂವು ಹಾಕುತ್ತಾರೆ. ನಮ್ಮ ಶಂಕರಪುರದ ಮಲ್ಲಿಗೆಯ ಅಟ್ಟಿ ಇಟ್ಟ ಕೋಣೆಗೆ ಹೋದವರಿಗೆ ಇದರ ಗುಟ್ಟು ಬಿಡಿಸಿ ಹೇಳಬೇಕಾಗಿಲ್ಲ. ಹೂವು ಹೆಚ್ಚು ಕಂಡರೆ ಒಳ್ಳೆಯ ಮಾಲು ಎಂದು ತಿಳಿಯಬೇಡಿ. ಪರಿಮಳ ಎಲೆಯೊಳಗೆ ಹೋಗಿರುತ್ತದೆ, ಕಾಣುವ ಹೂವು ಬರೀ ಅಂದಕ್ಕೆ.

ಎರಡನೆಯದು ವಸ್ತುವನ್ನೇ ಬೆರೆಸುವುದು. ಏಲಕ್ಕಿ, ಲವಂಗ, ಶುಂಠಿ, ಕಿತ್ತಳೆ ಸಿಪ್ಪೆ ಇತ್ಯಾದಿ. ಕಣ್ಣಿಗೆ ಕಾಣುತ್ತದೆ, ಹಲ್ಲಿಗೆ ಸಿಗುತ್ತದೆ. ನಂಬಿಕೆಗೆ ಇದು ಒಳ್ಳೆಯದು.

ಮೂರನೆಯದು ಎಣ್ಣೆ ಅಥವಾ ಎಸೆನ್ಸ್ ಸಿಂಪಡಿಸುವುದು. ಅರ್ಲ್ ಗ್ರೇ ಚಾಕ್ಕೆ ಬರ್ಗಮಾಟ್ ಎಂಬ ನಿಂಬೆ ಜಾತಿಯ ಹಣ್ಣಿನ ಸಿಪ್ಪೆಯ ಎಣ್ಣೆ ಹಾಕುತ್ತಾರೆ. ಈ ಹಣ್ಣು ಇಟಲಿಯ ಕಲಾಬ್ರಿಯಾದಲ್ಲಿ ಹೆಚ್ಚು ಬೆಳೆಯುತ್ತದೆ. ಎಣ್ಣೆ ಹಾಕಿದ್ದೆಲ್ಲ ಕೆಟ್ಟದ್ದಲ್ಲ. ಆದರೆ ಹಳೆಯ ಚಾ ಹುಡಿಗೆ ಅಗ್ಗದ ಎಸೆನ್ಸ್ ಹೊಡೆದು ಚಂದದ ಡಬ್ಬಿಯಲ್ಲಿ ತುಂಬಿದ್ದೂ ಬರುತ್ತದೆ. ನಾವು ಒಮ್ಮೆ ಗುಲಾಬಿ ಚಾ ಎಂದು 5 ಕಿಲೋ ತೆಗೆದುಕೊಂಡೆವು. ಡಬ್ಬಿ ತೆರೆದರೆ ಮದುವೆ ಮಂಟಪದ ಪರಿಮಳ, ಕಪ್ಪಿನಲ್ಲಿ ಏನೂ ಇಲ್ಲ. ಸೇಲ್ಸ್‌ಮನ್ ನಮಗೆ ತೋರಿಸಿದ್ದು ಡಬ್ಬಿ ಮೂಸಿಸಿ, ಮತ್ತೆ ಎರಡು ಚಮಚ ಸಕ್ಕರೆ ಹಾಕಿ ಕುಡಿಸಿ. ಅಂದಿನಿಂದ ಡಬ್ಬಿಯ ಪರಿಮಳಕ್ಕೆ ನಾವು ದುಡ್ಡು ಕೊಡುವುದಿಲ್ಲ.

ರುಚಿ ನೋಡುವ ಕ್ರಮ

ಚಾ ವ್ಯಾಪಾರದವರಿಗೆ ರುಚಿ ನೋಡಲು ಅಂತಾರಾಷ್ಟ್ರೀಯ ಅಳತೆಯೇ ಇದೆ. ಐಎಸ್‌ಒ 3103 ಎಂಬ ಈ ಕ್ರಮ 1980ರಲ್ಲಿ ಬಂತು. 100 ಮಿಲಿ ಕುದಿಯುವ ನೀರಿಗೆ 2 ಗ್ರಾಂ ಚಾ, 6 ನಿಮಿಷ ಮುಚ್ಚಿಡುವುದು, ಬಿಳಿ ಪಿಂಗಾಣಿ ಪಾತ್ರೆ. ಕುಡಿದು ಖುಷಿಪಡುವುದಕ್ಕೆ ಇದು ಕಡಕ್ ಆಗುತ್ತದೆ. ಆದರೆ ಉದ್ದೇಶ ಖುಷಿಯಲ್ಲ. ಎಲ್ಲ ಚಾಕ್ಕೂ ಒಂದೇ ಅಳತೆ ಇಟ್ಟು ದೋಷ ಹೊರಗೆ ತರುವುದು. ನಾವು ಇದನ್ನೇ ಹೊಟೇಲಿಗೆ ತಕ್ಕಂತೆ ಮಾಡಿಕೊಂಡೆವು.

1. ಹೊತ್ತು. ಬೆಳಗ್ಗಿನ ನಾಷ್ಟಾದ ಗಡಿಬಿಡಿ ಮುಗಿದ ಮೇಲೆ, ಊಟದ ಒಗ್ಗರಣೆ ಬೀಳುವ ಮೊದಲು, ಸುಮಾರು ಹತ್ತೂವರೆಗೆ. ರುಚಿ ನೋಡುವವರು ಅರ್ಧ ಗಂಟೆ ಮೊದಲಿನಿಂದ ಬೀಡಾ, ಸಿಗರೇಟು, ಗುಟ್ಕಾ ಮುಟ್ಟಬಾರದು. ಸೆಂಟ್ ಹಾಕಿಕೊಂಡು ಬರಬಾರದು.

2. ಜನ. ಒಬ್ಬರ ನಾಲಿಗೆ ಸಾಲದು. ಮಾಲಕ, ಚಾ ಮಾಡುವವ, ಒಬ್ಬ ವೇಟರ್, ಮನೆಯ ಹೆಂಗಸರು ಒಬ್ಬರು, ಪರಿಚಯದ ಗಿರಾಕಿ ಒಬ್ಬರು. ಐದು ಜನ ಸಾಕು.

3. ಸಾಮಾನು. ಒಂದೇ ಅಳತೆಯ ಬಿಳಿ ಕಪ್ಪುಗಳು, ಮುಚ್ಚಲು ತಟ್ಟೆ, ಗ್ರಾಮಿನ ಸಣ್ಣ ತಕ್ಕಡಿ, ಗಡಿಯಾರ, ಕಾಗದ ಪೆನ್ನು. ಚಮಚದ ಲೆಕ್ಕ ಬೇಡ. ಒಂದು ಚಮಚ ಕಪ್ಪು ಚಾಪುಡಿ ಮತ್ತು ಒಂದು ಚಮಚ ಕ್ಯಾಮೊಮೈಲ್ ಹೂವಿನ ತೂಕ ಒಂದೇ ಅಲ್ಲ.

4. ನೀರು. ಎಲ್ಲ ಕಪ್ಪಿಗೂ ಒಂದೇ ನೀರು, ಆಗ ಕುದಿಸಿದ್ದು. ಹೈದರಾಬಾದ್, ಚೆನ್ನೈ ಕಡೆ ಬೋರ್‌ವೆಲ್ ನೀರು ಬಳಸುವ ಬಂಧುಗಳು ಗಮನಿಸಿ. ಗಡಸು ನೀರಿನಲ್ಲಿ ಚಾದ ಬಣ್ಣ ಮಂಕಾಗುತ್ತದೆ, ಮೇಲೆ ಕೆನೆಯಂಥ ಪೊರೆ ಕಟ್ಟುತ್ತದೆ, ಪರಿಮಳ ಏಳುವುದಿಲ್ಲ. ಚಾ ಬದಲಿಸುವ ಮೊದಲು ಫಿಲ್ಟರ್ ನೀರಿನಲ್ಲಿ ಒಮ್ಮೆ ಮಾಡಿ ನೋಡಿ.

5. ಬಿಸಿ ಮತ್ತು ಹೊತ್ತು. ಕಪ್ಪು ಚಾಕ್ಕೂ ಕಷಾಯದ ವಸ್ತುಗಳಿಗೂ ಕುದಿಯುವ ನೀರು. ಗ್ರೀನ್ ಟೀಗೆ ಎರಡು ಸಲ ಮಾಡಬೇಕು. ಮೊದಲು ಎಲ್ಲರಂತೆ ಕುದಿಯುವ ನೀರಿನಲ್ಲಿ, ದೋಷ ತಿಳಿಯಲು. ಆಮೇಲೆ 80 ಡಿಗ್ರಿಯ ನೀರಿನಲ್ಲಿ ಎರಡು ಮೂರು ನಿಮಿಷ, ಕುಡಿಯುವ ರುಚಿ ತಿಳಿಯಲು. ಗ್ರೀನ್ ಟೀ ಕಹಿ ಎಂದು ಬಿಟ್ಟವರಲ್ಲಿ ಹೆಚ್ಚಿನವರು ಅದನ್ನು ಕುದಿಸಿ ಹಾಳು ಮಾಡಿದವರು. ನಾವೂ ಅದರಲ್ಲಿ ಒಬ್ಬರು.

6. ನಂಬರು. ಕಪ್ಪಿನ ಅಡಿಗೆ ನಂಬರು ಬರೆದು ಚೀಟಿ ಅಂಟಿಸಿ. ಯಾವುದು ಯಾವ ಕಂಪೆನಿಯದ್ದು, ಬೆಲೆ ಎಷ್ಟು ಎಂದು ರುಚಿ ನೋಡುವವರಿಗೆ ಗೊತ್ತಿರಬಾರದು. ಬೆಲೆ ಗೊತ್ತಾದರೆ ನಾಲಿಗೆ ಬೆಲೆಯ ಹಿಂದೆ ಹೋಗುತ್ತದೆ.

7. ಒಂದೇ ಚಾವನ್ನು ಎರಡು ಕಪ್ಪಿನಲ್ಲಿ ಬೇರೆ ಬೇರೆ ನಂಬರು ಹಾಕಿ ಇಡಿ. ಎರಡಕ್ಕೂ ಹತ್ತಿರದ ಅಂಕ ಕೊಟ್ಟವರ ನಾಲಿಗೆ ನಂಬಬಹುದು. ನಮ್ಮಲ್ಲಿ ಮೊದಲ ಸಲ ಒಂದೇ ಚಾಕ್ಕೆ ಒಮ್ಮೆ 2, ಒಮ್ಮೆ 5 ಕೊಟ್ಟವರು ಯಾರು ಎಂದು ನೋಡಿದರೆ ಸ್ವತಃ ನಾವೇ! ವೇಟರ್ ಹುಡುಗನದ್ದು ಸರಿಯಾಗಿತ್ತು.

8. ಕುಡಿಯುವ ರೀತಿ. ಸಕ್ಕರೆ, ಹಾಲು, ನಿಂಬೆ ಯಾವುದೂ ಬೇಡ. ಚಮಚದಲ್ಲಿ ತೆಗೆದು ಸೊರ್ರೆಂದು ಗಾಳಿಯ ಜೊತೆ ಎಳೆದು, ಬಾಯಿಯೆಲ್ಲ ಸುತ್ತಿಸಿ ಉಗುಳಿ. ಪರಿಮಳ ಮೂಗಿನ ಹಿಂಬದಿಗೆ ಹೋಗುವುದು ಹೀಗೆ ಎಳೆದಾಗಲೇ. ಒಂದು ಕಪ್ಪಿನಿಂದ ಇನ್ನೊಂದಕ್ಕೆ ಹೋಗುವ ಮೊದಲು ಉಗುರುಬೆಚ್ಚಗಿನ ನೀರು, ನಾಲ್ಕು ಕಾಳು ಉಪ್ಪಿಲ್ಲದ ಚುರುಮುರಿ. ಪುದಿನ, ಶುಂಠಿ, ಲವಂಗದಂಥ ಖಾರದ್ದು ಕೊನೆಗೆ ಇರಲಿ.

9. ಅಂಕ. ಒಣ ಎಲೆಯ ಪರಿಮಳ, ನೆನೆದ ಎಲೆಯ ಪರಿಮಳ, ಬಣ್ಣ, ರುಚಿ, ನುಂಗಿದ ಮೇಲೆ ಉಳಿಯುವ ರುಚಿ. ಒಂದೊಂದಕ್ಕೆ 5ರಂತೆ ಒಟ್ಟು 25. ಎಲ್ಲರೂ ಬರೆದು ಮುಗಿಸುವವರೆಗೆ ಮಾತು ಬೇಡ. ಮಾಲಕರು ಮೊದಲು ಬಾಯಿ ತೆರೆದರೆ ಮಿಕ್ಕವರ ಅಂಕವೆಲ್ಲ ಮಾಲಕರದ್ದೇ ಆಗುತ್ತದೆ.

10. ಕೊನೆಯ ಸುತ್ತು. ಈಗ ಮಾರುವ ರೀತಿಯಲ್ಲೇ ಮಾಡಿ. ಹಾಲು ಹಾಕುವುದಿದ್ದರೆ ಹಾಲು, ನಿಂಬೆ ಇದ್ದರೆ ನಿಂಬೆ. ಪ್ಲಾಸ್ಕಿನಲ್ಲಿ ಇಟ್ಟು ಮಾರುವುದಿದ್ದರೆ ಇಪ್ಪತ್ತು ನಿಮಿಷ ಪ್ಲಾಸ್ಕಿನಲ್ಲಿಟ್ಟು ಕುಡಿಯಿರಿ. ಮೇಜಿನಲ್ಲಿ ಗೆದ್ದ ಎಷ್ಟೋ ಚಾ ಪ್ಲಾಸ್ಕಿನಲ್ಲಿ ಸೋಲುತ್ತದೆ.

ನಮ್ಮ ನಾಲಿಗೆಗೆ ಕಂಡದ್ದು

ಇದು ನಮ್ಮ ಐದು ಜನರ ಅಭಿಪ್ರಾಯ. ನಿಮ್ಮದು ಬೇರೆ ಇರಬಹುದು.

ತುಲಸಿ: ಒಳ್ಳೆಯ ಒಣ ತುಲಸಿಗೆ ಲವಂಗದ ಹತ್ತಿರದ ಪರಿಮಳ ಇರಬೇಕು. ಹಳತಾದರೆ ಒಣ ಹುಲ್ಲಿನ ವಾಸನೆ ಬರುತ್ತದೆ. ಒಂಟಿಯಾಗಿ ಕುಡಿಯಲು ಕೆಲವರಿಗೆ ಔಷಧ ಎನಿಸುತ್ತದೆ. ಶುಂಠಿ ಜೊತೆ ಸೇರಿದರೆ ಎಲ್ಲರಿಗೂ ಆಗುತ್ತದೆ.

ಮಜ್ಜಿಗೆ ಹುಲ್ಲು: ಮಹಾರಾಷ್ಟ್ರದಲ್ಲಿ ಇದನ್ನು ಗವತಿ ಚಹಾ ಎನ್ನುತ್ತಾರೆ. ಮುಂಬಯಿಯ ಪಾರ್ಸಿ ಮನೆಗಳಲ್ಲಿ ಇದನ್ನೂ ಪುದಿನವನ್ನೂ ಸೇರಿಸಿ ಚಾ ಮಾಡುವುದು ಹಳೆಯ ಪದ್ಧತಿ. ತರಕಾರಿ ಮಾರ್ಕೆಟಿನಲ್ಲಿ ಕಟ್ಟು ಕಟ್ಟು ಸಿಗುತ್ತದೆ. ಪೆಟ್ಟಿಗೆಯ ಒಣ ಹುಲ್ಲಿಗಿಂತ ಹಸಿಯದ್ದಕ್ಕೆ ನಾವು ಹೆಚ್ಚು ಅಂಕ ಕೊಟ್ಟೆವು. ತುಂಬಾ ಹೊತ್ತು ಕುದಿಸಿದರೆ ಪರಿಮಳ ಹಾರಿಹೋಗುತ್ತದೆ. ಕೊನೆಗೆ ಹಾಕಿ, ಒಲೆ ಆರಿಸಿ ಮುಚ್ಚಿಡಿ.

ಶುಂಠಿ: ಜಜ್ಜಿ ನೀರಿನಲ್ಲಿ ನಾಲ್ಕೈದು ನಿಮಿಷ ಕುದಿಸಿಯೇ ಹಾಲು ಹಾಕಬೇಕು. ಹಸಿ ಶುಂಠಿಯನ್ನು ನೇರ ಹಾಲಿಗೆ ಹಾಕಿದರೆ ಹಾಲು ಒಡೆಯುವ ಸಂಭವ ಹೆಚ್ಚು.

ಹೈಬಿಸ್ಕಸ್: ಇದು ನಮ್ಮ ಅಂಗಳದ ದಾಸವಾಳ ಅಲ್ಲ. ಉತ್ತರ ಕರ್ನಾಟಕದ ಪುಂಡಿ, ಹೈದರಾಬಾದಿನ ಗೋಂಗೂರ ಜಾತಿಯ ಕೆಂಪು ಗಿಡದ ಹೂವಿನ ಕೆಳಗಿನ ದಪ್ಪ ಪುಷ್ಪಪಾತ್ರೆ. ಈಜಿಪ್ಟಿನಲ್ಲಿ ಕರ್ಕದೆ ಎಂದು ಕುಡಿಯುತ್ತಾರೆ. ಕಡು ಕೆಂಪು ಬಣ್ಣ, ಪುನರ್ಪುಳಿಯ ಹಾಗೆ ಹುಳಿ. ಹಾಲು ಹಾಕಿದರೆ ಒಡೆಯುತ್ತದೆ. ತಣ್ಣಗೆ ಮಾಡಿ ಸ್ವಲ್ಪ ಬೆಲ್ಲ ಹಾಕಿದರೆ ಬೇಸಿಗೆಗೆ ಒಳ್ಳೆಯದು. ಆದರೆ ಪುನರ್ಪುಳಿ ಶರಬತ್ತು ಇರುವಲ್ಲಿ ಇದು ಬೇಕೇ ಎಂದು ಮನೆಯವರು ಕೇಳಿದ್ದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ.

ಕ್ಯಾಮೊಮೈಲ್: ಸೇಬಿನ ಹತ್ತಿರದ ತೆಳು ಪರಿಮಳ, ಹಳದಿ ಬಣ್ಣ. ಇಡ್ಲಿ ಸಾಂಬಾರ್ ತಿಂದ ಬಾಯಿಗೆ ಏನೂ ಗೊತ್ತಾಗುವುದಿಲ್ಲ. ರಾತ್ರಿ ಊಟದ ನಂತರ ಕೇಳುವವರಿಗೆ ಮಾತ್ರ ಇಟ್ಟಿದ್ದೇವೆ.

ರೂಯ್‌ಬೋಸ್: ಕೆಂಪು ಕಷಾಯ, ಕೆಫೀನ್ ಇಲ್ಲ. ಎಷ್ಟು ಹೊತ್ತು ನೆನೆದರೂ ಚಾದ ಹಾಗೆ ಕಹಿಯಾಗುವುದಿಲ್ಲ, ಹಾಲನ್ನೂ ತಡೆದುಕೊಳ್ಳುತ್ತದೆ. ಪ್ಲಾಸ್ಕಿನ ಪರೀಕ್ಷೆಯಲ್ಲಿ ಇದೇ ಮೊದಲು ಬಂತು. ಬೆಲೆ ಮಾತ್ರ ಜಾಸ್ತಿ.

ಶಂಖಪುಷ್ಪ: ನೀಲಿ ಬಣ್ಣ, ನಿಂಬೆ ಹಿಂಡಿದರೆ ನೇರಳೆ. ಮಕ್ಕಳು, ಫೋಟೋ ತೆಗೆಯುವವರು ಖುಷಿಪಡುತ್ತಾರೆ. ಕಣ್ಣಿಗೆ 5, ನಾಲಿಗೆಗೆ 1.

ಮಲ್ಲಿಗೆ ಗ್ರೀನ್: 80 ಡಿಗ್ರಿಯಲ್ಲಿ ಮಾಡಿದಾಗ ಪರಿಮಳದ ಚಾಗಳಲ್ಲಿ ಇದಕ್ಕೇ ಮೊದಲ ಸ್ಥಾನ ಸಿಕ್ಕಿತು. ಕುದಿಯುವ ನೀರಿನಲ್ಲಿ ಕೊನೆಯ ಸ್ಥಾನ. ಹೊಟೇಲಿನ ಗಡಿಬಿಡಿಯಲ್ಲಿ ಹುಡುಗ ಯಾವ ನೀರು ಹಾಕುತ್ತಾನೆ ಎಂದು ಯೋಚಿಸಿ ಕೊಳ್ಳಿ.

ನಮ್ಮ ಕಷಾಯ: ಕೊತ್ತಂಬರಿ, ಜೀರಿಗೆ, ಕರಿಮೆಣಸು, ಸ್ವಲ್ಪ ಬಡೆಸೊಪ್ಪು, ಒಣಶುಂಠಿ, ಏಲಕ್ಕಿ ಹುರಿದು ಹುಡಿ ಮಾಡಿ, ಬೆಲ್ಲ ಹಾಲು ಹಾಕಿ ಕುದಿಸಿದ್ದು. ಊರಿನಲ್ಲಿ ಜ್ವರ ಬಂದಾಗ ಕುಡಿದು ಮರೆತದ್ದನ್ನು ನಂಬರು ಹಾಕಿ ಇಟ್ಟೆವು. ಹಾಲಿನ ಸುತ್ತಿನಲ್ಲಿ ಐವರಲ್ಲಿ ನಾಲ್ವರು ಇದಕ್ಕೇ ಹೆಚ್ಚು ಅಂಕ ಕೊಟ್ಟರು. ಐದನೆಯವರು ಪರಿಚಯದ ಗುಜರಾತಿ ಗಿರಾಕಿ. ಅವರು ಅಂಕ ಕಡಿಮೆ ಕೊಟ್ಟರೂ ಹುಡಿ ಎಲ್ಲಿ ಸಿಗುತ್ತದೆ ಎಂದು ಕೇಳಿ ಹೋದರು.

ಲೆಕ್ಕಾಚಾರ

ರುಚಿಯ ಜೊತೆ ಲೆಕ್ಕವೂ ಸರಿಯಿರಬೇಕು. ಕಪ್ಪಿಗೆ 2 ಗ್ರಾಂ ಹಿಡಿದರೆ ಒಂದು ಕಿಲೋದಲ್ಲಿ 500 ಕಪ್. ಉದಾಹರಣೆಗೆ ಕಿಲೋಗೆ 1,500 ರೂಪಾಯಿಯ ಬಿಡಿ ಮಾಲು ತೆಗೆದುಕೊಂಡರೆ ಕಪ್ಪಿಗೆ 3 ರೂಪಾಯಿ. ಅದೇ 25 ಡಿಪ್ ಬ್ಯಾಗಿನ ಪೆಟ್ಟಿಗೆಗೆ 175 ರೂಪಾಯಿ ಕೊಟ್ಟರೆ ಕಪ್ಪಿಗೆ 7 ರೂಪಾಯಿ. ಡಿಪ್ ಬ್ಯಾಗಿನಲ್ಲಿ ಅಳತೆ ತಪ್ಪುವುದಿಲ್ಲ, ಕೆಲಸ ಕಡಿಮೆ. ಬಿಡಿ ಮಾಲಿನಲ್ಲಿ ಒಳಗೆ ಏನಿದೆ ಎಂದು ಕಣ್ಣಿಗೆ ಕಾಣುತ್ತದೆ. ದಿನಕ್ಕೆ ಹತ್ತು ಕಪ್ಪೂ ಹೋಗದ ಬಗೆಗೆ ಡಿಪ್ ಬ್ಯಾಗ್ ಸಾಕು, ಹೆಚ್ಚು ಹೋಗುವುದಕ್ಕೆ ಬಿಡಿ ಮಾಲು ಎಂದು ನಾವು ಇಟ್ಟುಕೊಂಡಿದ್ದೇವೆ.

ಒಂದು ತಿಂಗಳಿಗೆ ಬೇಕಾದಷ್ಟೇ ತರಿಸಿ. ಗಾಳಿ ಹೋಗದ ಡಬ್ಬಿಯಲ್ಲಿ, ಬಿಸಿಲು ಬೀಳದಲ್ಲಿ ಇಡಿ. ಮಲ್ಲಿಗೆಯ ಪರಿಮಳ ಹೀರಿಕೊಳ್ಳುವ ಎಲೆ ಹಿಂಗಿನ ಪರಿಮಳವನ್ನೂ ಹೀರಿಕೊಳ್ಳುತ್ತದೆ. ಸಾಂಬಾರ್ ಪುಡಿ, ಹಿಂಗು ಇಟ್ಟ ಕಪಾಟಿನಲ್ಲಿ ಚಾ ಇಡಬೇಡಿ.

ಬಿಡಿ ಚಾಪುಡಿಗೆ ಬಣ್ಣ ಬೆರೆಸಿದ ಸಂಶಯ ಇದ್ದರೆ ಒದ್ದೆ ಫಿಲ್ಟರ್ ಕಾಗದದ ಮೇಲೆ ಸ್ವಲ್ಪ ಉದುರಿಸಿ ಸ್ವಲ್ಪ ಹೊತ್ತು ಬಿಟ್ಟು, ನೀರಿನಲ್ಲಿ ತೊಳೆದು ಬೆಳಕಿಗೆ ಹಿಡಿದು ನೋಡಿ. ಬಣ್ಣದ ಕಲೆ ಎದ್ದು ಕಂಡರೆ ಬೇಡ.

ಜಾಗ್ರತೆಯ ಮಾತು

ಮೆನು ಕಾರ್ಡಿನಲ್ಲಿ ರೋಗದ ಹೆಸರು ಬೇಡ. ಸಕ್ಕರೆ ಕಾಯಿಲೆ ಗುಣವಾಗುತ್ತದೆ, ಬಿಪಿ ಇಳಿಯುತ್ತದೆ ಎಂದು ಬರೆಯುವವರನ್ನು ನೋಡಿದ್ದೇವೆ. ಇಂಥ ಜಾಹೀರಾತಿನ ವಿರುದ್ಧ 1954ರಿಂದಲೇ ಕಾಯ್ದೆ ಇದೆ. ನಾವು ಮಾರುವುದು ಪಾನೀಯ, ಔಷಧ ಅಲ್ಲ.

ಕಷಾಯ ಎಂದರೆ ಎಲ್ಲರಿಗೂ ಹಿತ ಎಂಬುದು ಕೂಡ ಸರಿಯಲ್ಲ. ಸಿಹಿಗಾಗಿ ಹಲವು ಮಿಶ್ರಣಗಳಿಗೆ ಜೇಷ್ಠಮಧು ಹಾಕುತ್ತಾರೆ, ಅದು ಹೆಚ್ಚಾದರೆ ಬಿಪಿ ಏರುತ್ತದೆ. ಗರ್ಭಿಣಿಯರು, ದಿನವೂ ಮಾತ್ರೆ ತೆಗೆದುಕೊಳ್ಳುವವರು ಕೇಳಿದರೆ, ಇದರಲ್ಲಿ ಇಂಥಿಂಥದ್ದು ಇದೆ, ನಿಮ್ಮ ಡಾಕ್ಟರನ್ನು ಕೇಳಿ ಎಂದು ಹೇಳಬೇಕು. ಕಹ್ವಾದಲ್ಲಿ ಬಾದಾಮಿ ಇದೆ ಎಂದು ಬರೆಯಿರಿ. ಪೂಜೆಯ ಹೂವಿನ ಅಂಗಡಿಯಿಂದ ಗುಲಾಬಿ, ಮಲ್ಲಿಗೆ ತಂದು ಕಪ್ಪಿಗೆ ಹಾಕಬೇಡಿ. ಅದಕ್ಕೆ ಯಾವ ಔಷಧ ಹೊಡೆದಿದ್ದಾರೆ ಎಂದು ನಮಗೆ ಗೊತ್ತಿರುವುದಿಲ್ಲ.

ಈಗ ನಮ್ಮ ಕಾರ್ಡಿನಲ್ಲಿ ಎರಡು ಸಾಲು ಇದೆ. ಒಂದು, ಚಾ ಎಲೆ ಇರುವುದು. ಇನ್ನೊಂದು, ಚಾ ಎಲೆ ಇಲ್ಲದ ಕಷಾಯ. ಪ್ರತಿಯೊಂದರ ಕೆಳಗೆ ಒಳಗಿನ ವಸ್ತುಗಳ ಹೆಸರು. ಅದೇ ಚೀಟಿ ಚಾ ಮಾಡುವ ಜಾಗದ ಗೋಡೆಯಲ್ಲಿ ಹಿಂದಿ, ಮರಾಠಿ, ಕನ್ನಡದಲ್ಲಿ ಅಂಟಿಸಿದ್ದೇವೆ. ಗೊತ್ತಿಲ್ಲದ್ದನ್ನು ಗಿರಾಕಿ ಕೇಳಿದರೆ "ನೋಡಿ ಹೇಳುತ್ತೇನೆ" ಎನ್ನಬೇಕು, ಇಲ್ಲ ಎಂದು ಬಾಯಿಗೆ ಬಂದಂತೆ ಹೇಳಬಾರದು ಎಂದು ಹುಡುಗರಿಗೆ ತಾಕೀತು ಮಾಡಿದ್ದೇವೆ.

ಆ ಕಾಕಾ ಹನ್ನೆರಡು ದಿನ ಬರಲಿಲ್ಲ. ಹದಿಮೂರನೆಯ ದಿನ ಬಂದು ಮೂಲೆಯ ಮೇಜಿನಲ್ಲಿ ಕುಳಿತರು. ನಾವೇ ಹಸಿ ಮಜ್ಜಿಗೆ ಹುಲ್ಲು ಮತ್ತು ಶುಂಠಿಯ ಕಷಾಯ ಮಾಡಿ, ಎರಡೂ ವಸ್ತುವನ್ನು ತಟ್ಟೆಯಲ್ಲಿ ಪಕ್ಕಕ್ಕೆ ಇಟ್ಟು ತೋರಿಸಿದೆವು. ಹುಲ್ಲನ್ನು ಮೂಸಿ ನೋಡಿ, "ಇದು ನಮ್ಮ ಗವತಿ ಚಹಾ ಅಲ್ಲವೇ" ಎಂದು ನಕ್ಕರು. ಈಗ ದಿನವೂ ಅದನ್ನೇ ಕುಡಿಯುತ್ತಾರೆ. ಆದರೂ ಮೊದಲ ಗುಟುಕಿಗೆ ಮುಂಚೆ ಒಮ್ಮೆ ಕಪ್ಪಿನೊಳಗೆ ಇಣುಕಿ ನೋಡುವುದನ್ನು ಅವರು ಇನ್ನೂ ಬಿಟ್ಟಿಲ್ಲ.

ಬಂಧುಗಳೇ, ಬರುವ ವಾರ ನಿಮ್ಮ ಕಪಾಟಿನಲ್ಲಿರುವ ಪೆಟ್ಟಿಗೆಗಳನ್ನು ಒಮ್ಮೆ ಮೇಜಿನ ಮೇಲೆ ಇಳಿಸಿ, ಹಿಂಬದಿ ಓದಿ, ಐದು ಜನ ಕೂತು ರುಚಿ ನೋಡಿ. ನಿಮಗೆ ಕಂಡದ್ದನ್ನು ಪತ್ರಿಕೆಗೆ ಬರೆದು ತಿಳಿಸಿದರೆ ಎಲ್ಲರಿಗೂ ಉಪಯೋಗವಾದೀತು.